ಟ್ಯೂಬ್‌ಲೈಟ್ ಭಾವನ ಹೊಸ ಟ್ಯೂಬು

ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಹೆಂಡತಿಯ ತವರಿನವರು ಅವನನ್ನು ಕರೆಯುವುದು ಟ್ಯೂಬ್‌ಲೈಟ್ ಭಾವ ಎಂದೇ. ಹೆಸರಿಟ್ಟವನು ಭಾಮೈದ. ಮದುವೆಗೆ ಮುಂಚೆ ಭಾವ ಮೊದಲ ಸಲ ಆ ಮನೆಗೆ ಬಂದ ದಿನ, ಊಟಕ್ಕೆ ಕೂತಾಗ ಭಾಮೈದ ಒಂದು ಜೋಕು ಹೇಳಿದ. ಎಲ್ಲರೂ ನಕ್ಕರು, ನಕ್ಕು ಮುಗಿಸಿದರು, ತಟ್ಟೆ ಎತ್ತಿದರು, ಕೈ ತೊಳೆದರು. ಆಮೇಲೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಇವನಿಗೆ ನಗು ಬಂತು. ಬಂದದ್ದು ಅಂತಿಂಥ ನಗುವಲ್ಲ, ಗೋಡೆ ಹಿಡಿದುಕೊಂಡು ನಗುವಂಥದ್ದು. "ಅಕ್ಕಾ, ಇವರು ಟ್ಯೂಬ್‌ಲೈಟ್ ಕಣೇ," ಎಂದ ಭಾಮೈದ. "ಸ್ವಿಚ್ ಹಾಕಿ ಎಷ್ಟೊತ್ತಾಯ್ತು, ಈಗ ಹತ್ಕೊಂಡ್ರು ನೋಡು." ಹೆಸರು ಅವತ್ತೇ ಅಂಟಿತು.

ಇದರಲ್ಲಿ ಸ್ವಲ್ಪ ಅನ್ಯಾಯವೂ ಇದೆ. ಭಾವ ನಿಧಾನ, ಒಪ್ಪೋಣ. ಆದರೆ ಆ ಮನೆಯ ಮೂರು ಮಕ್ಕಳೂ ಏಳು ತಿಂಗಳಿಗೇ ಹುಟ್ಟಿದವರ ಹಾಗೆ. ಹಿರಿಯವಳು, ಅಂದರೆ ಭಾವನ ಹೆಂಡತಿ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವವಳು; ಒಂದೇ ಉಸಿರಿಗೆ ಮೂರು ಬಸ್ಸು ಹೊರಡಿಸಿ, ಒಂದನ್ನು ರದ್ದು ಮಾಡಿ, ಕಳೆದುಹೋದ ಮಗುವನ್ನು ತಾಯಿಗೆ ಒಪ್ಪಿಸಬಲ್ಲಳು. ಕಿರಿಯವಳಾದ ನಾದಿನಿ ಶಿಶುವಿಹಾರದ ಟೀಚರು. ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿ ಮಕ್ಕಳ ಕೈಲಿ ಚಪ್ಪಾಳೆ ಹೊಡೆಸುತ್ತಾಳೆ. ನಡುವಿನವನಾದ ಭಾಮೈದನದ್ದು ಕ್ಷೌರದಂಗಡಿ. ಗಿರಾಕಿ ಕುರ್ಚಿಯಲ್ಲಿ ಕೂತು ಎಷ್ಟು ಕತ್ತರಿಸಬೇಕೆಂದು ಹೇಳಿ ಮುಗಿಸುವುದರೊಳಗೆ ಕತ್ತರಿಸಿಯಾಗಿರುತ್ತದೆ, ಮತ್ತೆ ಅಂಟಿಸಲು ಬರುವುದಿಲ್ಲ.

ಇಂಥವರ ನಡುವೆ ಬಂದು ಸೇರಿದ ಭಾವ ಪುಸ್ತಕಗಳ ಬೈಂಡರು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅವನ ಕೋಣೆ. ಹಾಳೆಗಳ ಕಟ್ಟನ್ನು ಜೋಡಿಸುವುದು, ಸೂಜಿಯಲ್ಲಿ ಹೊಲಿಯುವುದು, ಅಂಟು ಸವರುವುದು, ಮೇಲೆ ಭಾರ ಇಟ್ಟು ಒಣಗಲು ಬಿಡುವುದು. ಅಂಟನ್ನು ಅವಸರಪಡಿಸಿದರೆ ಪುಸ್ತಕ ವರ್ಷದೊಳಗೆ ಬಾಯಿಬಿಡುತ್ತದೆ. ಇಪ್ಪತ್ತಾರು ವರ್ಷದಿಂದ ಒಣಗುವುದಕ್ಕೆ ಕಾದು ಕಾದು ಅವನ ಮಾತಿಗೂ ಅದೇ ಅಭ್ಯಾಸವಾಗಿತ್ತು. ಬಾಯಿ ತೆರೆಯುವ ಮುಂಚೆ ಒಮ್ಮೆ ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಿದ್ದ. ಹೆಂಡತಿಯ ಮನೆಯಲ್ಲಿ ಇದು ನಡೆಯುವ ಸಂಗತಿಯೇ ಅಲ್ಲ. ಅವನು ಒಂದು ವಾಕ್ಯ ಶುರುಮಾಡಿದರೆ ಅದನ್ನು ಮುಗಿಸಿಕೊಡಲು ಮೂರು ಜನ ತುದಿಗಾಲಲ್ಲಿ ನಿಂತಿರುತ್ತಿದ್ದರು. ಮುಗಿಸುತ್ತಿದ್ದರು ಕೂಡ, ಬಹಳ ಸಲ ತಪ್ಪಾಗಿ.

ಅದಕ್ಕೇ ಅವನಿಗೆ ಸೋಮವಾರ ಅಂದರೆ ಪ್ರಾಣ. ಸೋಮವಾರ ಕ್ಷೌರದಂಗಡಿಗೂ ರಜೆ, ಗ್ರಂಥಾಲಯಕ್ಕೂ ರಜೆ. ಮಧ್ಯಾಹ್ನ ಅಂಗಡಿಯ ಕುರ್ಚಿಗಳನ್ನು ಪಕ್ಕಕ್ಕೆ ತಳ್ಳಿ ಭಾಮೈದ ಡ್ರಮ್ಮು ಬಾರಿಸುತ್ತಾನೆ, ನಾದಿನಿ ಹಾಡುತ್ತಾಳೆ, ಭಾವ ಗಿಟಾರು ನುಡಿಸುತ್ತಾನೆ. ಗಿಟಾರಿನ ವಾಕ್ಯವನ್ನು ಬೇರೆಯವರು ಬಾಯಿ ಹಾಕಿ ಮುಗಿಸುವಂತಿಲ್ಲವಲ್ಲ. ಹೆಂಡತಿ ಬಾಗಿಲ ಬಳಿ ಕೂತು ಕೇಳುತ್ತಾಳೆ. ಮೂಲೆಯ ಬೆಂಚಿನಲ್ಲಿ ಮಾವನವರು ಪೇಪರು ಓದುತ್ತಾರೆ. ಅಂಗಡಿಯ ಎರಡೂ ಗೋಡೆಗೆ ಕನ್ನಡಿಯಿರುವುದರಿಂದ ನೋಡುವವರಿಗೆ ಅದೊಂದು ಒಂಬತ್ತು ಜನರ ವಾದ್ಯಗೋಷ್ಠಿ. ಕೇಳುವವರಿಗೆ ಮಾತ್ರ ಇಬ್ಬರದ್ದೇ.

ಯಾಕೆಂದರೆ ಭಾವನ ಗಿಟಾರು ಕೇಳಿಸುತ್ತಿರಲಿಲ್ಲ. ಅವನ ಆಂಪ್ಲಿಫೈಯರು ಮನೆಯಲ್ಲಿ ಅಭ್ಯಾಸಕ್ಕೆಂದೇ ಮಾಡಿದ, ಹಳೇ ಕಾಲದ ರೇಡಿಯೊಗಳಲ್ಲಿದ್ದಂಥ ಗಾಜಿನ ಟ್ಯೂಬಿನ ಪೆಟ್ಟಿಗೆ. ಎರಡು ದಪ್ಪ ನಿಘಂಟುಗಳನ್ನು ಪಕ್ಕಪಕ್ಕ ನಿಲ್ಲಿಸಿದಷ್ಟು ಗಾತ್ರ. ನೆಲದ ಮೇಲೆ ಕೂತು ಭಾವನ ಕಣಕಾಲಿಗೆ ಏನೋ ಗುಟ್ಟು ಹೇಳುವಂತೆ ಗೊಣಗುತ್ತಿತ್ತು. ಡ್ರಮ್ಮಿನ ಅಬ್ಬರದಲ್ಲಿ ಅದು ಅವನಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅದು ಎಲ್ಲರಿಗೂ ಕೇಳುತ್ತಿದ್ದದ್ದು ಒಂದೇ ಹೊತ್ತಿನಲ್ಲಿ: ಭಾಮೈದ ಕೊನೆಯ ಪೆಟ್ಟು ಹೊಡೆದು, ನಾದಿನಿ ಬಾಯಿ ಮುಚ್ಚಿ, ಹಾಡು ಮುಗಿಯಿತು ಎಂದಾದ ಮೇಲೆ ಗಿಟಾರಿನ ಎರಡು ಮೀಟು ಉಳಿದಿರುತ್ತಿದ್ದವು. ಝಂಯ್, ಝಂಯ್. ಪ್ರತಿ ಸಲವೂ. ಪ್ರತಿ ಸಲವೂ ಎಲ್ಲರೂ ನಗುತ್ತಿದ್ದರು, ಸ್ವಲ್ಪ ಹೊತ್ತು ಬಿಟ್ಟು ಭಾವನೂ ನಗುತ್ತಿದ್ದ.

ಮಾವನವರಿಗೆ ಎಂಬತ್ತು ತುಂಬುವುದಕ್ಕೆ ಎರಡು ವಾರವಿದ್ದಾಗ ಭಾಮೈದ ಡ್ರಮ್ಮಿನ ಹಿಂದಿನಿಂದ ಎದ್ದು ಬಂದು ಭಾವನ ಹೆಗಲ ಮೇಲೆ ಕೈಯಿಟ್ಟ. ಹೆಗಲ ಮೇಲೆ ಕೈಯಿಡುವುದು ಅವನ ಅಭ್ಯಾಸವಲ್ಲ, ಬೋಳಿಸುವಾಗಿನ ಹೊರತು.

"ಭಾವ, ಬೇಜಾರು ಮಾಡ್ಕೋಬೇಡಿ. ಅಪ್ಪನ ಹುಟ್ಟುಹಬ್ಬಕ್ಕೆ ನೆಂಟರಿಷ್ಟರು ಎಲ್ಲ ಬರ್ತಾರೆ. ಕೋರ್ಟಲ್ಲಿ ಟೈಪಿಸ್ಟ್ ಒಬ್ಬ ಇದಾನೆ, ನಮ್ಮ ಗಿರಾಕಿ. ಗಿಟಾರ್ ಬಾರಿಸ್ತಾನೆ, ಬೆರಳು ಏನು ಓಡ್ತವೆ ಅಂತೀರಿ. ಅವತ್ತೊಂದಿನ ಅವನು ಕೂತ್ಕೊಳ್ಳಲಿ. ನೀವು ಬೇಕಾದ್ರೆ ಫೋಟೋ ತೆಗೀರಿ."

ಅವತ್ತೊಂದಿನ ಕೂತವನು ಮುಂದಿನ ಸೋಮವಾರವೂ ಕೂರುತ್ತಾನೆ ಎಂಬುದು ಭಾವನಂಥ ನಿಧಾನದವನಿಗೂ ತಕ್ಷಣ ಹೊಳೆಯಿತು. ಉತ್ತರ ಮಾತ್ರ ಹೊಳೆಯಲಿಲ್ಲ. ಅದು ಹೊಳೆಯುವಷ್ಟರಲ್ಲಿ ಅಕ್ಕತಮ್ಮಂದಿರು ಹುಟ್ಟುಹಬ್ಬದ ಕುರ್ಚಿಗಳು, ಶಾಮಿಯಾನ, ಕೇಕು ಎಲ್ಲವನ್ನೂ ತೀರ್ಮಾನಿಸಿ ಬಾಗಿಲಿಗೆ ಬೀಗ ಹುಡುಕುತ್ತಿದ್ದರು.

"ತಪ್ಪು ನನ್ನದಲ್ಲ," ಎಂದ ಭಾವ.

"ಯಾವ ತಪ್ಪು?" ಎಂದಳು ಹೆಂಡತಿ. ಅವಳು ಕೇಕಿನಲ್ಲಿದ್ದಳು.

"ಹಿಂದೆ ಬೀಳೋದು. ಪೆಟ್ಟಿಗೇದು ತಪ್ಪು. ಅದರ ಟ್ಯೂಬು ಹಳೇದಾಗಿದೆ, ಸ್ಪೀಕರೂ ಹಳೇದು. ಎರಡೂ ಬದಲಾಯಿಸ್ತೀನಿ. ಮುಂದಿನ ಸೋಮವಾರ ಕೇಳಿ, ಆಮೇಲೆ ಹೇಳಿ ಟೈಪಿಸ್ಟಿಗೆ."

ಇಷ್ಟು ಉದ್ದದ ಮಾತು ಅವನು ಆ ಮನೆಯವರ ಮುಂದೆ ಯಾರೂ ಬಾಯಿ ಹಾಕದೆ ಮುಗಿಸಿದ್ದು ಅದೇ ಮೊದಲು. ಆಮೇಲೆ ನಾದಿನಿ, "ಟ್ಯೂಬ್‌ಲೈಟಿಗೆ ಹೊಸ ಟ್ಯೂಬು," ಎಂದಳು. ಅಂಗಡಿಯೆಲ್ಲ ನಗು.

"ಪೆಟ್ಟಿಗೆ ಕೆಟ್ಟರೆ ಸದ್ದು ಕೆಡುತ್ತೆ, ತಾಳ ಹೆಂಗೆ ಕೆಡುತ್ತೆ?" ಎಂದ ಭಾಮೈದ. ಮಾತು ಸರಿಯಾಗಿಯೇ ಇತ್ತು. ಭಾವನಿಗೂ ಅದು ಗೊತ್ತಿತ್ತು. ಆದರೆ ಮುಳುಗುವವನು ಈಜು ಗೊತ್ತಿದೆಯೋ ಇಲ್ಲವೋ ಎಂದು ಯೋಚಿಸುತ್ತ ಕೂರುವುದಿಲ್ಲ. "ಆಯ್ತು, ಒಂದು ವಾರ," ಎಂದು ಭಾಮೈದ ಬೀಗ ಹಾಕಿದ.

ಮರುದಿನ ಸಂಜೆ ಕೆಲಸ ಮುಗಿಸಿ ಭಾವ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಎಕ್ಸ್‌ಚೇಂಜ್ ಅಕ್ಕನ ಅಂಗಡಿಗೆ ಹೋದ. ಈಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದ ಹೆಂಗಸು. ಈಗ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹಳೇ ರೇಡಿಯೊ, ಆಂಪ್ಲಿಫೈಯರು ರಿಪೇರಿ ಮಾಡುತ್ತಾಳೆ. ಹಣೆಗೆ ಕಟ್ಟಿಕೊಳ್ಳುವ ಟಾರ್ಚು, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲು. ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚಿ ಒಳಗೆ ಟಾರ್ಚು ಬಿಟ್ಟಳು.

"ಕೈ ಹಾಕ್ಬೇಡಿ," ಎಂದಳು. "ಪ್ಲಗ್ ಕಿತ್ತರೂ ಇದರ ಹೊಟ್ಟೇಲಿ ಕರೆಂಟು ಕೂತಿರುತ್ತೆ. ಮೊದಲು ಅದನ್ನ ಇಳಿಸ್ಬೇಕು. ನಾನು ಹೇಳೋವರೆಗೂ ಒಂದು ಕೈ ಜೇಬಲ್ಲಿಟ್ಕೊಳ್ಳಿ. ಎರಡೂ ಕೈ ಒಳಗೆ ಹೋದ್ರೆ ಕರೆಂಟು ಎದೆ ಮೇಲಿಂದ ದಾಟುತ್ತೆ."

ಭಾವ ಎಡಗೈ ಜೇಬಿನಲ್ಲಿಟ್ಟುಕೊಂಡ. ಆಕೆ ಎರಡು ತಂತಿಯ ಕ್ಲಿಪ್ಪು ಸಿಕ್ಕಿಸಿ ಮೀಟರಿನ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಕಾದಳು. ಕಾಯುವುದನ್ನು ನೋಡಿಯೇ ಭಾವನಿಗೆ ಆಕೆಯ ಮೇಲೆ ಗೌರವ ಹುಟ್ಟಿತು.

ಟ್ಯೂಬು ಎರಡಿದ್ದವು: ಹೆಬ್ಬೆರಳಿನಷ್ಟು ಸಣ್ಣದೊಂದು, ಅದಕ್ಕಿಂತ ಉದ್ದದ್ದೊಂದು. ಸಣ್ಣದು ತಂತಿಯ ದನಿಯನ್ನು ಹಿಡಿದುಕೊಳ್ಳುತ್ತದೆ, ದೊಡ್ಡದು ಅದನ್ನು ಎತ್ತಿ ಸ್ಪೀಕರಿಗೆ ಕೊಡುತ್ತದೆ ಎಂದು ಆಕೆ ವಿವರಿಸಿದಳು. ಪೆಟ್ಟಿಗೆಯನ್ನು ತನ್ನ ಮೇಜಿನ ಸ್ಪೀಕರಿಗೆ ಜೋಡಿಸಿ ಸ್ವಿಚ್ ಹಾಕಿ, ಪೆನ್ಸಿಲಿನ ತುದಿಯಿಂದ ಸಣ್ಣ ಟ್ಯೂಬನ್ನು ಮೆಲ್ಲಗೆ ತಟ್ಟಿದಳು. ಸ್ಪೀಕರಿನಲ್ಲಿ ಟಿಣ್ ಎಂದು ಗಂಟೆ ಬಾರಿಸಿದಂತಾಯಿತು.

"ಇದಕ್ಕೆ ವಯಸ್ಸಾಗಿದೆ. ಮುಟ್ಟಿದ್ರೆ ಕಿರುಚುತ್ತೆ. ದೊಡ್ಡದೂ ಬಡಕಲಾಗಿದೆ. ಎರಡಕ್ಕೂ ಒಳ್ಳೇ ಹೊಸದು ಹಾಕೋಣ." ಮತ್ತೆ ಸ್ವಿಚ್ ಆರಿಸಿ, ಮತ್ತೆ ಕರೆಂಟು ಇಳಿಸಿ, ಪೆಟ್ಟಿಗೆಯ ಸ್ವಂತ ಸ್ಪೀಕರಿನ ನಾಲ್ಕು ಸ್ಕ್ರೂ ಬಿಚ್ಚಿದಳು. ಸ್ಪೀಕರನ್ನು ಹೊರಗೆ ತೆಗೆದವಳು ಅಲ್ಲೇ ನಿಂತುಬಿಟ್ಟಳು. ಕನ್ನಡಕ ಮೇಲೇರಿಸಿದಳು, ಕೆಳಗಿಳಿಸಿದಳು.

"ಇದನ್ನ ಯಾರು ಮಾಡಿದ್ದು?"

"ನಾನೇ," ಎಂದ ಭಾವ, ತುಸು ಹೆಮ್ಮೆಯಿಂದ.

ಕಥೆ ಇಷ್ಟು. ಪೆಟ್ಟಿಗೆ ಕೊಂಡ ಮೂರನೇ ವರ್ಷ ಸ್ಪೀಕರಿನ ಕಾಗದದ ಬಟ್ಟಲು ಒಂದು ಕಡೆ ಹರಿದು ಗುರ್ ಎನ್ನತೊಡಗಿತ್ತು. ಕಾಗದ ಹರಿದರೆ ಬೈಂಡರಿಗೆ ಹೇಳಿಕೊಡಬೇಕೇ? ಹಳೇ ಪುಸ್ತಕಗಳ ಹರಿದ ಹಾಳೆಗೆ ಹಾಕುವ ತೆಳ್ಳನೆಯ ಕಾಗದವನ್ನು ಅಂಟು ಸವರಿ ಕೂರಿಸಿದ. ಗುರ್ ನಿಂತಿತು. ಅಲ್ಲಿಗೆ ಬಿಡಬೇಕಿತ್ತು. ಆದರೆ ಕೈ ಕೇಳಬೇಕಲ್ಲ. ಮುಂದಿನ ವರ್ಷ ಮುನ್ನೆಚ್ಚರಿಕೆಗೆಂದು ಇನ್ನೊಂದು ಪದರ. ಅದರ ಮುಂದಿನ ವರ್ಷ ಬಟ್ಟಲಿನ ಅಂಚಿನ ಮಡಿಕೆ ಸವೆದಂತೆ ಕಂಡಿತೆಂದು, ಪುಸ್ತಕದ ಬೆನ್ನಿಗೆ ಹಾಕುವ ಬಟ್ಟೆಯ ಪಟ್ಟಿಯನ್ನು ಸುತ್ತಲೂ ಅಂಟಿಸಿದ. ಹೀಗೆ ಹನ್ನೊಂದು ವರ್ಷ. ಪ್ರತಿ ಸಲವೂ ಭಾರ ಇಟ್ಟು, ರಾತ್ರಿಯಿಡೀ ಒಣಗಿಸಿ.

ಎಕ್ಸ್‌ಚೇಂಜ್ ಅಕ್ಕ ಹೆಬ್ಬೆರಳಿನಿಂದ ಬಟ್ಟಲನ್ನು ಒತ್ತಿದಳು. ಅದು ಮಿಸುಕಲಿಲ್ಲ. ಬೆರಳ ಗಿಣ್ಣಿನಿಂದ ತಟ್ಟಿದಳು. ಬಾಗಿಲು ತಟ್ಟಿದ ಸದ್ದು ಬಂತು.

"ಇದು ಅಲ್ಲಾಡ್ಬೇಕು," ಎಂದಳು.

"ಅಲ್ಲಾಡ್ತಿತ್ತು," ಎಂದ ಭಾವ. "ಅಲ್ಲಾಡ್ತಿದೆ ಅಂತಲೇ ಅಂಟಿಸಿದ್ದು."

ಆಕೆ ಹಣೆಯ ಟಾರ್ಚನ್ನು ಅವನ ಮುಖಕ್ಕೆ ತಿರುಗಿಸಿದಳು. "ಸ್ಪೀಕರ್ ಅನ್ನೋದು ಅಲ್ಲಾಡಿದ್ರೇನೇ ಸದ್ದು ಮಾಡೋದು. ನೀವು ಇದರ ಬಾಯಿಗೆ ರಟ್ಟು ಕಟ್ಟಿದೀರಿ. ಹಾಗಿದ್ದೂ ಇಷ್ಟು ವರ್ಷ ಗೊಣಗಿದೆಯಲ್ಲ, ಅದರ ಹಟ ದೊಡ್ಡದು." ಸ್ಪೀಕರನ್ನು ತಿರುಗಿಸಿ ಬೆಳಕಿಗೆ ಹಿಡಿದು ಕೇಳಿದಳು, "ಇದು ಎಷ್ಟನೇ ಮುದ್ರಣ?"

"ಅಲ್ಲ, ಇದು ಮುದ್ರಣ ಅಲ್ಲ, ಬರೀ ಅಂಟಿಸಿದ್ದು," ಎಂದು ಭಾವ ಗಂಭೀರವಾಗಿ ತಿದ್ದಿದ.

ತಪ್ಪು ನಿಜಕ್ಕೂ ಪೆಟ್ಟಿಗೆಯದ್ದಲ್ಲ ಎಂದು ತಿಳಿದು ಅವನಿಗೆ ಪೆಚ್ಚಾಯಿತು. ಗಿಟಾರಿನ ಬಾಯಿ ಕಟ್ಟಿದವನು ಅವನೇ, ಅದೂ ಪ್ರೀತಿಯಿಂದ. ಆಕೆ ಹೆಚ್ಚು ಮಾತಾಡದೆ ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟಳು. ಹಳೆಯದು ಆರು ಇಂಚಿನದು, ಪೆಟ್ಟಿಗೆಯ ಎತ್ತರ ನೋಡಿದರೆ ಎಂಟು ಇಂಚಿನದು ಹಿಡಿಸುತ್ತದೆ. ಹಳೆಯದರ ಬೆನ್ನ ಮೇಲೆ ಎಷ್ಟು ಓಮ್ ಎಂದು ಬರೆದಿದೆಯೋ ಹೊಸದೂ ಅಷ್ಟೇ ಇರಬೇಕು, ಇಲ್ಲದಿದ್ದರೆ ದೊಡ್ಡ ಟ್ಯೂಬು ಸುಸ್ತಾಗುತ್ತದೆ. ಟ್ಯೂಬು, ಸ್ಪೀಕರು ಆಕೆ ತರಿಸುತ್ತಾಳೆ. ಮುಂದಿನ ಹಲಗೆಯನ್ನು ಎಂಟು ಇಂಚಿನ ಸ್ಪೀಕರಿಗೆ ತಕ್ಕ ತೂತಿಟ್ಟು ಅವನೇ ಕೊಯ್ದು ತರಬೇಕು.

"ಮೇಲೆ ಹಾಕೋ ಬಟ್ಟೆ ತೆಳ್ಳಗಿರಲಿ, ಗಾಳಿ ಆಡೋ ಅಂಥದ್ದು. ಮೊಳೆ ಹೊಡೀರಿ. ಅಂಟು ಬೇಡ."

"ಅಂಚಿಗೆ ಒಂದು ಚೂರು..."

"ಅಂಟು ಬೇಡ."

ದಾರಿಯಲ್ಲಿ, ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ, ಎಷ್ಟನೇ ಮುದ್ರಣ ಎಂಬುದು ಭಾವನಿಗೆ ಹೊಳೆಯಿತು. ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹಸಿರು ಬಂದು ಹೋಯಿತು, ಹಿಂದಿನ ಗಾಡಿಯವರು ಹಾರ್ನು ಹೊಡೆದು ಬೈದು ಬಳಸಿಕೊಂಡು ಹೋದರು.

ಕೈ ತೆಗೆಯಿರಿ ಎಂದು ಆಕೆ ಹೇಳಿರಲಿಲ್ಲವಾದ್ದರಿಂದ ಆ ವಾರವಿಡೀ ಅವನು ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ಓಡಾಡಿದ. ಗ್ರಂಥಾಲಯದಲ್ಲಿ ಪುಸ್ತಕ ಹೊಲಿಯುವಾಗ, ಊಟದ ಬಿಡುವಿನಲ್ಲಿ ಹಲಗೆ ಕೊಯ್ಯುವಾಗ ಮಾತ್ರ ಎರಡೂ ಕೈ ಹೊರಬಂದವು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಡಗೈ ಜೇಬಿನಲ್ಲೇ.

"ಜೇಬಲ್ಲಿ ಏನಿದೆ ರೀ?" ಎಂದಳು ಹೆಂಡತಿ.

ಅವನು ಉತ್ತರಕ್ಕೆ ಬಾಯಿ ತೆರೆದ. "ಏನೂ ಇಲ್ಲ ಅಂತೀರಿ, ಆದ್ರೆ ಏನೋ ಇದೆ, ಇರಲಿ ಬಿಡಿ, ಚಟ್ನಿ ಹಾಕ್ಲಾ?" ಎಂದು ಅವಳೇ ಮುಗಿಸಿದಳು. ಅವನಿಗೆ ಕರೆಂಟು, ಎದೆ, ಎರಡು ಕೈ ಎಲ್ಲ ಹೇಳಬೇಕಿತ್ತು. ಹಾಗೇ, ಟೈಪಿಸ್ಟನ ಮಾತು ಬಂದಾಗಿನಿಂದ ಒಳಗೊಳಗೇ ಸಂಕಟವಾಗುತ್ತಿದೆ ಎಂದೂ ಹೇಳಬೇಕಿತ್ತು. ಚಟ್ನಿ ಹಾಕಿಸಿಕೊಂಡ.

ಶನಿವಾರ ಗಿಟಾರನ್ನೂ ಹೆಗಲಿಗೇರಿಸಿಕೊಂಡು ಹೋಗಿ ಹಲಗೆ ಕೊಟ್ಟ. ಬೈಂಡರು ಕೊಯ್ದ ತೂತು ಹೇಗಿರುತ್ತದೋ ಹಾಗಿತ್ತು, ಅಂಚಿನಲ್ಲಿ ಒಂದು ನಾರೂ ಎದ್ದಿರಲಿಲ್ಲ. ಎಕ್ಸ್‌ಚೇಂಜ್ ಅಕ್ಕ ಹಲಗೆಯ ಹಿಂಬದಿಯನ್ನು ಮೂಸಿ ನೋಡಿ, ಅಂಟಿನ ವಾಸನೆಯಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಹೊಸ ಸ್ಪೀಕರು ಕೂತಿತು. ಹೊಸ ಟ್ಯೂಬುಗಳ ತಲಾ ಒಂಬತ್ತು ಕಾಲುಗಳನ್ನು ತೂತುಗಳಿಗೆ ಸರಿಹೊಂದಿಸಿ, ಅಲುಗಿಸದೆ ನೇರ ಒತ್ತಿದಳು. ಸ್ವಿಚ್ ಹಾಕಿದಳು. ಏನೂ ಆಗಲಿಲ್ಲ. ಭಾವ ಗಾಬರಿಯಿಂದ ಆಕೆಯ ಮುಖ ನೋಡಿದ.

"ಯಾಕೆ ಅವಸರ? ಟ್ಯೂಬ್ ಅಂದ್ರೆ ಹಾಗೇ, ಹತ್ಕೊಳ್ಳೋದು ತಡ. ಅರ್ಧ ನಿಮಿಷ ಬಿಡಿ. ಒಳಗೆ ಬಿಸಿಯಾಗದೆ ದನಿ ಬರಲ್ಲ."

ನಿಮಗೆ ಅವಸರ ಎಂದು ಯಾರಾದರೂ ಅವನಿಗೆ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಮನೆಯವರು ಯಾರಾದರೂ ಬಂದು ತನ್ನ ಅಡ್ಡಹೆಸರು ಹೇಳಿಕೊಟ್ಟಿದ್ದಾರೋ ಎಂದೂ ಅನುಮಾನವಾಯಿತು. ಅಷ್ಟರಲ್ಲಿ ಗಾಜಿನೊಳಗೆ ಕಿತ್ತಳೆ ಬಣ್ಣದ ಕಿಡಿಯೊಂದು ಕಣ್ಣು ಬಿಟ್ಟಿತು. ಆಕೆ ಗಿಟಾರಿನ ಕಡೆ ತಲೆಯಾಡಿಸಿದಳು. ಭಾವ ಒಂದೇ ತಂತಿಯನ್ನು ಮೀಟಿ, ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ನುಡಿಸಿದ್ದು ಅವನೇ. ಹದಿನಾಲ್ಕು ವರ್ಷದಿಂದ ನುಡಿಸುತ್ತಿದ್ದವನು ತನ್ನ ಗಿಟಾರನ್ನು ಮೊದಲ ಸಲ ಪೂರ್ತಿ ಕೇಳುತ್ತಿದ್ದ. ಅವನಿಗೆ ಕಣ್ಣು ತುಂಬಿತು, ನಾಚಿಕೆಯೂ ಆಯಿತು. ಆಕೆ ಹಳೇ ಸ್ಪೀಕರನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು, "ಇದನ್ನ ಕಪಾಟಲ್ಲಿ ಪುಸ್ತಕಗಳ ಜೊತೆ ಇಡಿ," ಎಂದಳು.

ಸೋಮವಾರ ಮಧ್ಯಾಹ್ನ ಅಂಗಡಿಯ ಕುರ್ಚಿಗಳು ಪಕ್ಕಕ್ಕೆ ಸರಿದವು. ಪೆಟ್ಟಿಗೆ ಈ ಸಲ ನೆಲದ ಮೇಲಲ್ಲ, ಸ್ಟೂಲಿನ ಮೇಲೆ ಕೂತಿತ್ತು. ಮಾವನವರು ಮೂಲೆಯ ಬೆಂಚಿನಲ್ಲಿ ಪೇಪರು ಬಿಡಿಸಿದರು. ಆಯ್ದುಕೊಂಡದ್ದು ಮಾವನವರಿಗೆ ಇಷ್ಟವಾದ ಮೂರು ಚರಣದ ಹಾಡು, ಹುಟ್ಟುಹಬ್ಬಕ್ಕೆಂದು ಇಟ್ಟುಕೊಂಡದ್ದು. ಭಾಮೈದ ಕೋಲಿಗೆ ಕೋಲು ತಾಗಿಸಿ ಒಂದು, ಎರಡು ಎಂದು ಎಣಿಸಿದ. ಮೂರು, ನಾಲ್ಕು ಎಣಿಸುವುದು ಅವನ ಪದ್ಧತಿಯಲ್ಲ.

ಗಿಟಾರು ಅಂಗಡಿ ತುಂಬಿತು. ಕನ್ನಡಿಗಳು ಸಣ್ಣಗೆ ನಡುಗಿದವು. ಬಾಗಿಲ ಬಳಿ ಕೂತಿದ್ದ ಹೆಂಡತಿ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಳು. ಮೊದಲ ಚರಣ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಏನೋ ಎಳೆದಾಟ ಶುರುವಾಯಿತು. ಮೂರನೆಯದರ ಹೊತ್ತಿಗೆ ಡ್ರಮ್ಮು ಒಂದು ಕಡೆ, ಗಿಟಾರು ಒಂದು ಕಡೆ, ನಡುವೆ ನಾದಿನಿ ರಸ್ತೆ ದಾಟಲು ನಿಂತವಳಂತೆ ಅತ್ತಿತ್ತ ನೋಡುತ್ತಿದ್ದಳು. ಭಾಮೈದ ಕೊನೆಯ ಪೆಟ್ಟು ಹೊಡೆದ. ಹಾಡು ಮುಗಿಯಿತು. ಆಮೇಲೆ ಝಂಯ್, ಝಂಯ್. ಮೊದಲಾದರೆ ಗೊಣಗುತ್ತಿದ್ದದ್ದು ಈಗ ಬಾಗಿಲು ಬಡಿದಂತೆ ಕೇಳಿತು.

ಈ ಸಲ ಯಾರೂ ನಗಲಿಲ್ಲ. ಅದೇ ಭಾವನಿಗೆ ಹೆಚ್ಚು ನೋವಾಗಿದ್ದು.

"ಭಾವ," ಎಂದ ಭಾಮೈದ, ಆದಷ್ಟು ಮೆತ್ತಗೆ, "ಮುಂಚೆ ನೀವು ಲೇಟು ಅಂತ ನಮಗಷ್ಟೇ ಗೊತ್ತಿತ್ತು. ಈಗ ಊರಿಗೇ ಗೊತ್ತಾಗುತ್ತೆ."

ಭಾವ ತಲೆ ತಗ್ಗಿಸಿದ. ಟ್ಯೂಬು ಹೊಸದು, ಸ್ಪೀಕರು ಹೊಸದು, ಹಲಗೆ ಹೊಸದು. ಹಳೇದು ಅಂತ ಉಳಿದದ್ದು ತಾನೊಬ್ಬನೇ. ಮೆಲ್ಲಗೆ ಗಿಟಾರಿನ ಪಟ್ಟಿಯನ್ನು ಹೆಗಲಿನಿಂದ ಇಳಿಸತೊಡಗಿದ.

"ಯಾರದು ಗಿಟಾರು?" ಎಂಬ ಮಾತು ಮೂಲೆಯಿಂದ ಬಂತು.

ಎಲ್ಲರೂ ತಿರುಗಿದರು. ಮಾವನವರು ಪೇಪರು ಮಡಚಿ ಪಕ್ಕಕ್ಕಿಟ್ಟಿದ್ದರು. ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಅವರೊಡನೆ ಎಲ್ಲರೂ ಕೂಗಿಯೇ ಮಾತಾಡಬೇಕು.

"ನಮ್ಮ ಭಾವಂದು ಅಪ್ಪಾ," ಎಂದು ನಾದಿನಿ ಕೂಗಿದಳು. "ಯಾವಾಗ್ಲೂ ಬಾರಿಸ್ತಾರಲ್ಲ."

"ಹೌದಾ? ಅಳಿಯಂದ್ರು ಸುಮ್ನೆ ಹಿಡ್ಕೊಂಡು ನಿಂತಿರ್ತಾರೆ ಅಂದ್ಕೊಂಡಿದ್ದೆ. ಮರ್ಯಾದೆಗೆ." ಅವರು ಎದ್ದು ಬಂದು ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು. "ಇನ್ನೊಂದ್ಸಲ ಬಾರಿಸಿ. ಎಲ್ಲರೂ."

ಮಾವನವರು ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಜೇಬಿನಿಂದ ಸರಪಳಿಯ ಗಡಿಯಾರ ತೆಗೆದು ಕಿವಿಗಲ್ಲ, ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರು. ಕಿವಿ ಕೈಕೊಟ್ಟರೂ ಮೂಳೆಗೆ ಟಿಕ್ ಟಿಕ್ ಈಗಲೂ ಮುಟ್ಟುತ್ತಿತ್ತು. ಹಾಡು ಮತ್ತೆ ಶುರುವಾಗಿ, ಮತ್ತೆ ಹಾಗೇ ಮುಗಿಯಿತು, ಮತ್ತೆ ಎರಡು ಮೀಟು ಉಳಿದವು. ಅವರು ಕಣ್ಣು ಮುಚ್ಚಿಕೊಂಡು ಟಿಕ್ ಟಿಕ್ ಎಣಿಸುತ್ತಲೇ ಇದ್ದರು.

"ಈಗ ಡ್ರಮ್ಮು ಬೇಡ, ಹಾಡು ಬೇಡ. ಅಳಿಯಂದ್ರೇ, ನೀವೊಬ್ರೇ."

ಭಾವ ಒಬ್ಬನೇ ಮೂರೂ ಚರಣ ನುಡಿಸಿದ. ಯಾರನ್ನೂ ಬೆನ್ನಟ್ಟಬೇಕಾಗಿರಲಿಲ್ಲವಾದ್ದರಿಂದ ಕೈ ತನ್ನ ಪಾಡಿಗೆ ತಾನು ಹೊಲಿಗೆ ಹಾಕುವ ಹಾಗೆ ಸಾಗಿತು: ಸೂಜಿ ಒಳಗೆ, ಸೂಜಿ ಹೊರಗೆ. ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಹಾಕಿದ ಹೊಲಿಗೆ.

ಮಾವನವರು ಗಡಿಯಾರ ಇಳಿಸಿದರು. ಮಗನ ಕಡೆ ತಿರುಗಿದರು.

"ನೀವೆಲ್ಲ ಸೇರಿ ಬಾರಿಸಿದಾಗ ಮೊದಲನೇ ಚರಣ ಮೂವತ್ತೆರಡು ಸೆಕೆಂಡು. ಎರಡನೇದು ಮೂವತ್ತು. ಮೂ‌ರನೇದು ಇಪ್ಪತ್ತೇಳು. ಚರಣ ಅಷ್ಟೇ ಉದ್ದ ಇದೆ. ಐದು ಸೆಕೆಂಡು ಯಾರಪ್ಪ ತಿಂದಿದ್ದು?"

ಭಾಮೈದ ಕೈಯಲ್ಲಿದ್ದ ಕೋಲುಗಳನ್ನು ನೋಡಿಕೊಂಡ.

"ಅಳಿಯಂದ್ರು ಒಬ್ರೇ ಬಾರಿಸಿದಾಗ ಮೂವತ್ತೆರಡು, ಮೂವತ್ತೆರಡು, ಮೂವತ್ತೆರಡು. ನಾನು ರಿಪೇರಿ ಮಾಡಿದ ಎಷ್ಟೋ ಗಡಿಯಾರ ಹಿಂಗೆ ನಡೀಲಿಲ್ಲ." ಅವರು ಕೂಗುತ್ತಿರಲಿಲ್ಲ, ಆದರೂ ಅಂಗಡಿಯ ಮೂಲೆಮೂಲೆಗೂ ಕೇಳಿತು. "ಅವರು ಹಿಂದೆ ಬೀಳ್ತಿಲ್ಲ ಕಣೋ. ಎಲ್ಲಿಂದ ಹೊರಟಿದ್ರೋ ಅಲ್ಲೇ ಇದಾರೆ. ನೀನು ಓಡಿಹೋಗ್ತಿದೀಯ."

"ಅದಕ್ಕೇ ನಂಗೆ ಮೂರನೇ ಚರಣದಲ್ಲಿ ಉಸಿರೇ ಸಿಗ್ತಿರಲಿಲ್ಲ," ಎಂದಳು ನಾದಿನಿ. "ನಾನು ಆಸ್ತಮಾ ಅಂದ್ಕೊಂಡು ಡಾಕ್ಟರ ಹತ್ರ ಹೋಗಿದ್ದೆ."

ಭಾಮೈದ ಕೋಲುಗಳನ್ನು ಡ್ರಮ್ಮಿನ ಮೇಲಿಟ್ಟು ಎದ್ದ. ಅವನು ಕೆಟ್ಟವನಲ್ಲ, ಅವಸರದವನು ಅಷ್ಟೇ. ಕತ್ತರಿಯಲ್ಲಿ ತಪ್ಪಾದಾಗ ಗಿರಾಕಿಯ ಮುಂದೆ ಹೇಗೆ ನಿಲ್ಲುತ್ತಿದ್ದನೋ ಹಾಗೆ ನಿಂತು, "ಇಷ್ಟು ವರ್ಷ ನೀವ್ಯಾಕೆ ಹೇಳ್ಲಿಲ್ಲ ಭಾವ?" ಎಂದು ಕೇಳಿದ.

ಭಾವ ಯೋಚಿಸಿದ. ಯಾರೂ ಅವನ ಪರವಾಗಿ ಉತ್ತರಿಸಲಿಲ್ಲ. ಹೆಂಡತಿ ಬಾಯಿ ತೆರೆದವಳು, ತಾನೇ ಕೈ ಅಡ್ಡ ಹಿಡಿದು ಮುಚ್ಚಿಕೊಂಡಳು.

"ನಾನೇ ನಿಧಾನ ಅಂತ ನಂಬಿಬಿಟ್ಟಿದ್ದೆ," ಎಂದ ಭಾವ. "ನೀವು ಮೂರು ಜನ, ನಾನು ಒಬ್ಬ."

ಮನೆಗೆ ಹೋಗುವಾಗ ಗಿಟಾರನ್ನು ಹೆಂಡತಿಯೇ ಹೊತ್ತುಕೊಂಡಳು. ತಮ್ಮ ಬೀದಿ ತಿರುಗುವಾಗ ಕೇಳಿದಳು, "ಜೇಬಲ್ಲಿ ಏನಿತ್ತು ರೀ, ಆ ವಾರ?" ಕೇಳಿ ಸುಮ್ಮನಾದಳು. ಅವನು ಕರೆಂಟಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಬೀಗ ತೆಗೆದ ಮೇಲೂ ಹೇಳುತ್ತಿದ್ದ. ಎಷ್ಟನೇ ಮುದ್ರಣ ಎಂಬಲ್ಲಿಗೆ ಬಂದಾಗ ಅವಳು ತಕ್ಷಣ ನಕ್ಕಳು, ಅವನು ಈ ಸಲ ಅವಳ ಜೊತೆಗೇ ನಕ್ಕ.

ಟೈಪಿಸ್ಟು ಹುಟ್ಟುಹಬ್ಬಕ್ಕೆ ಬಂದ. ಫೋಟೋ ತೆಗೆಯುವ ಕೆಲಸ ಅವನದಾಯಿತು, ಬೆರಳು ಬೇಗ ಓಡುತ್ತಿದ್ದರಿಂದ ಫೋಟೋಗಳು ಹೇರಳವಾಗಿ ಬಂದವು. ಶಾಮಿಯಾನದ ಕೆಳಗೆ ನೆಂಟರು ಕುರ್ಚಿ ತುಂಬಿದ್ದರು. ಮುಂದಿನ ಸಾಲಿನ ನಡುವೆ ಹೊಸ ಅಂಗಿ ತೊಟ್ಟ ಮಾವನವರು, ಅವರ ಪಕ್ಕದಲ್ಲಿ ಕರೆಯದೇ ಬಿಡಲಾರದ ಅತಿಥಿ ಎಕ್ಸ್‌ಚೇಂಜ್ ಅಕ್ಕ. ಆಕೆ ಬಂದವಳೇ ಪೆಟ್ಟಿಗೆಯ ಮುಂದಿನ ಬಟ್ಟೆಯನ್ನು ಉಗುರಿನಿಂದ ಕೆರೆದು, ಅಂಟಿಲ್ಲ ಎಂದು ನೋಡಿಕೊಂಡೇ ಕೂತಿದ್ದಳು.

ಭಾವ ಪೆಟ್ಟಿಗೆಯ ಸ್ವಿಚ್ ಹಾಕಿದ. ಭಾಮೈದ ಕೋಲು ಎತ್ತಿದವನು ಅಭ್ಯಾಸಬಲದಿಂದ ಹೊಡೆಯಲು ಹೊರಟ.

"ತಡಿಯೋ," ಎಂದರು ಮಾವನವರು. "ಟ್ಯೂಬು ಹತ್ಕೊಳ್ಳಲಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಾಮೈದ ನಗಲಿಲ್ಲ. ಎತ್ತಿದ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ನಾದಿನಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು. ಬಸ್ಸುಗಳನ್ನು ಕೂಗುವ ಹೆಂಡತಿ ಮುಂದಿನ ಸಾಲಿನ ಕೊನೆಯಲ್ಲಿ ಕೂತು, ತುಟಿ ಬಿಗಿಹಿಡಿದು ಕಾದಳು. ಆ ಮನೆಯವರಿಗೆ ಅರ್ಧ ನಿಮಿಷವೆಂದರೆ ಅರ್ಧ ದಿನ. ಆದರೂ ಕಾದರು. ಪೆಟ್ಟಿಗೆಯ ಹಿಂದೆ ಗಾಜಿನೊಳಗೆ ಕಿತ್ತಳೆ ಬಣ್ಣ ಮೂಡಿತು.

ಭಾವ ಗಿಟಾರಿನ ಪಟ್ಟಿ ಸರಿಮಾಡಿಕೊಂಡ. ಎಣಿಸುವುದು ಯಾವಾಗಲೂ ಭಾಮೈದನ ಕೆಲಸ, ಆದ್ದರಿಂದ ಅವನ ಕಡೆ ನೋಡಿದ. ಭಾಮೈದ ಕೋಲಿನಿಂದ ಭಾವನ ಕಡೆಗೇ ತೋರಿಸಿ, "ನೀವೇ," ಎಂದ.

ಭಾವ ಒಂದು ಎಂದ, ಎರಡು ಎಂದ, ಮೂರು ಎಂದ. ಅವನು ನಾಲ್ಕು ಎನ್ನುವವರೆಗೂ ಯಾರೂ ಶುರುಮಾಡಲಿಲ್ಲ.